ಲಗ್ವಾರ್ಡಿಯಾ ಕಲಾ ಹೈಸ್ಕೂಲು: ನ್ಯೂಯಾರ್ಕಿನ ಕನ್ನಡ ಅಪ್ಪ-ಅಮ್ಮಂದಿರಿಗೆ ಆಡಿಷನ್ ಕೈಪಿಡಿ

ನ್ಯೂಯಾರ್ಕಿನ ನಮ್ಮವರು ಒಂದು ಕಡೆ ಸೇರಿ ಹೈಸ್ಕೂಲಿನ ಮಾತು ತೆಗೆದರೆ ಬರುವ ಹೆಸರು ಎರಡೇ: ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್. ಆರನೇ ಕ್ಲಾಸಿನಿಂದಲೇ ಅವುಗಳ ಪ್ರವೇಶ ಪರೀಕ್ಷೆಗೆ ಶನಿವಾರದ ಕೋಚಿಂಗ್ ಶುರುವಾಗಿರುತ್ತದೆ. ಆದರೆ ನಗರದ ಒಂಬತ್ತು ಸ್ಪೆಷಲೈಸ್ಡ್ ಹೈಸ್ಕೂಲುಗಳಲ್ಲಿ ಆ ಪರೀಕ್ಷೆ ಬೇಕಿರುವುದು ಎಂಟಕ್ಕೆ. ಒಂಬತ್ತನೆಯದಕ್ಕೆ ಬೇಡ. ಅದು ಲಿಂಕನ್ ಸೆಂಟರ್ ಪಕ್ಕದಲ್ಲಿರುವ ಫಿಯೊರೆಲ್ಲೊ ಎಚ್. ಲಗ್ವಾರ್ಡಿಯಾ ಹೈಸ್ಕೂಲು. ಅಲ್ಲಿ ಆಡಿಷನ್ ಕೊಡಬೇಕು.

ಮಗು ದಿನವಿಡೀ ಗೀಚುತ್ತಾ ಕೂರುತ್ತದೆ, ಇಲ್ಲಾ ಹೇಳದಿದ್ದರೂ ಹಾಡುತ್ತಾ ಓಡಾಡುತ್ತದೆ ಅಂತಾದರೆ ಈ ಶಾಲೆಯ ಬಗ್ಗೆ ಯೋಚಿಸಿ. ಬರೀ ಅಪ್ಪ-ಅಮ್ಮನಿಗೆ ಆಸೆ ಇದ್ದರೆ ಈಗಲೇ ಬಿಟ್ಟುಬಿಡುವುದು ಒಳ್ಳೆಯದು. ಯಾಕೆ ಅಂತ ಮುಂದೆ ಬರುತ್ತದೆ.

ಇದು ಎಂಥ ಶಾಲೆ

ಸರ್ಕಾರಿ ಶಾಲೆ. ಒಂದು ಡಾಲರ್ ಫೀಸೂ ಇಲ್ಲ. ಮನೆ ಎಲ್ಲಿದೆಯೋ ಆ ಬಡಾವಣೆಯ ಶಾಲೆಗೇ ಹೋಗಬೇಕು ಅನ್ನುವುದು ಅಮೆರಿಕದ ಹಳೆಯ ಪದ್ಧತಿ. ಅದನ್ನು ಬಿಟ್ಟು, ಒಂದು ವಿಷಯದ ಆಸೆ ತೋರಿಸಿ ಊರಿನ ಎಲ್ಲ ಕಡೆಯ ಮಕ್ಕಳನ್ನು ಸೆಳೆಯುವ ಶಾಲೆಗೆ ಮ್ಯಾಗ್ನೆಟ್ ಸ್ಕೂಲ್ ಅನ್ನುತ್ತಾರೆ. ಇಂಥ ಶಾಲೆಗಳು ಹೆಚ್ಚಿದ್ದು 1960ರ ದಶಕದ ಕೊನೆಯಿಂದ. ಕರಿಯರು, ಬಿಳಿಯರು ಬೇರೆ ಬೇರೆ ಶಾಲೆಗಳಲ್ಲಿ ಕೂರುವುದನ್ನು ತಪ್ಪಿಸಲು ನಗರಗಳು ಈ ದಾರಿ ಹಿಡಿದವು. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ 1968ರಲ್ಲಿ ಇಂಥ ಮೊದಲ ಶಾಲೆ ಶುರುವಾಯಿತು. ಡಾಲಸ್, ಹ್ಯೂಸ್ಟನ್‌ನ ಹೆಸರಾಂತ ಕಲಾ ಹೈಸ್ಕೂಲುಗಳು ಬಂದಿದ್ದು 1970ರ ದಶಕದಲ್ಲಿ.

ಲಗ್ವಾರ್ಡಿಯಾವೂ ಇಂಥದ್ದೇ, ಆದರೆ ಇದೆಲ್ಲಕ್ಕಿಂತ ಹಳೆಯದು. ಮೇಯರ್ ಲಗ್ವಾರ್ಡಿಯಾ 1936ರಲ್ಲಿ ಸಂಗೀತ ಮತ್ತು ಚಿತ್ರಕಲೆಗೆ ಅಂತ ಒಂದು ಹೈಸ್ಕೂಲು ತೆರೆಸಿದರು. 1940ರ ದಶಕದ ಕೊನೆಯಲ್ಲಿ ನಾಟಕ, ನೃತ್ಯಕ್ಕೆ ಇನ್ನೊಂದು ಬಂತು. ಕಾಗದದ ಮೇಲೆ ಇವೆರಡೂ 1961ರಲ್ಲೇ ಒಂದಾದರೂ ಒಂದೇ ಸೂರಿನಡಿ ಬಂದಿದ್ದು 1984ರಲ್ಲಿ, ಈಗಿನ ಆಮ್ಸ್ಟರ್‌ಡ್ಯಾಮ್ ಅವೆನ್ಯೂ ಕಟ್ಟಡಕ್ಕೆ. ಜೆನಿಫರ್ ಅನಿಸ್ಟನ್, ಏಡ್ರಿಯನ್ ಬ್ರೋಡಿ, ನಿಕಿ ಮಿನಾಜ್, ಟಿಮೊಥಿ ಶಾಲಮೇ ಎಲ್ಲ ಇಲ್ಲಿ ಓದಿದವರು.

ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿರುವ ದೊಡ್ಡ ಶಾಲೆ. ಗಣಿತ, ವಿಜ್ಞಾನ, ಇತಿಹಾಸ ಬೇರೆ ಶಾಲೆಗಳಂತೆಯೇ ಇರುತ್ತದೆ. ರಾಜ್ಯದ ರೀಜೆಂಟ್ಸ್ ಪರೀಕ್ಷೆ ಉಂಟು, ಕಾಲೇಜು ಮಟ್ಟದ ಎಪಿ ಕೋರ್ಸುಗಳೂ ಉಂಟು. ಅದರ ಜೊತೆಗೆ ಪ್ರತಿದಿನ ಹಲವು ಪೀರಿಯಡ್ ಆಯ್ದುಕೊಂಡ ಕಲೆಯ ತರಗತಿ. ಅದಕ್ಕೆ ಸ್ಟುಡಿಯೋ ಅಂತ ಹೆಸರು. ‘ಕಲಾ ಶಾಲೆಗೆ ಹೋದರೆ ಮುಂದೆ ಇಂಜಿನಿಯರಿಂಗ್ ಕಥೆ ಏನು?’ ಅಂತ ಊರಿಂದ ಫೋನಿನಲ್ಲಿ ಕೇಳುವ ದೊಡ್ಡಪ್ಪಂದಿರಿಗೆ ಈ ಮಾತು ಹೇಳಿ. ಆ ದಾರಿ ಮುಚ್ಚಿರುವುದಿಲ್ಲ. ಆದರೆ ದಿನ ಉದ್ದವಾಗುತ್ತದೆ. ಕಲೆಯ ಮೇಲೆ ಆಸೆಯಿಲ್ಲದ ಮಗುವಿಗೆ ಆ ನಾಲ್ಕು ವರ್ಷ ಬರೀ ಶಿಕ್ಷೆ.

ಮೊದಲು ವಿಳಾಸ ನೋಡಿಕೊಳ್ಳಿ

ನ್ಯೂಯಾರ್ಕ್ ನಗರದ ಐದು ಬರೋಗಳಲ್ಲಿ, ಅಂದರೆ ನಗರದ ಐದು ವಿಭಾಗಗಳಲ್ಲಿ ಒಂದರಲ್ಲಿ ವಾಸವಿರಬೇಕು. ಮಗು ಎಂಟನೇ ಕ್ಲಾಸಿನಲ್ಲಿರಬೇಕು (ಒಂಬತ್ತರಲ್ಲಿರುವವರ ಮಾತು ಕೊನೆಯಲ್ಲಿದೆ). ಸರ್ಕಾರಿ ಶಾಲೆ, ಚಾರ್ಟರ್, ಪ್ರೈವೇಟ್, ಎಲ್ಲಿ ಓದುತ್ತಿದ್ದರೂ ನಡೆಯುತ್ತದೆ. ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಎಚ್-4ನಲ್ಲಿರುವ ಮಗುವಿಗೂ ಅಷ್ಟೇ ಹಕ್ಕು.

ನ್ಯೂಜೆರ್ಸಿಯ ಎಡಿಸನ್, ಜರ್ಸಿ ಸಿಟಿಯವರು ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ. ನದಿ ದಾಟಿದರೆ ಈ ಶಾಲೆ ಇಲ್ಲ. ‘ಕ್ವೀನ್ಸ್‌ನಲ್ಲಿರುವ ಚಿಕ್ಕಪ್ಪನ ಮನೆ ವಿಳಾಸ ಕೊಡೋಣ’ ಅನ್ನುವ ಐಡಿಯಾ ಬೇಡವೇ ಬೇಡ. ನ್ಯೂಜೆರ್ಸಿಯಲ್ಲಿ ಕೌಂಟಿಗಳೇ ನಡೆಸುವ ಮ್ಯಾಗ್ನೆಟ್ ಶಾಲೆಗಳಿವೆ, ಅಲ್ಲಿ ವಿಚಾರಿಸಿ. ಅಂದಹಾಗೆ, ಅಮೆರಿಕದ ಮೊದಲ ಸರ್ಕಾರಿ ಕಲಾ ಹೈಸ್ಕೂಲು ಅನ್ನುವ ಹೆಸರಿರುವುದು ನ್ಯೂಜೆರ್ಸಿಯ ನುವಾರ್ಕಿನ ಆರ್ಟ್ಸ್ ಹೈಸ್ಕೂಲಿಗೆ. 1931ರದ್ದು.

ಕ್ಯಾಲೆಂಡರ್

ಅರ್ಜಿ ಎಲ್ಲವೂ ನಗರ ಶಿಕ್ಷಣ ಇಲಾಖೆಯ ಮೈಸ್ಕೂಲ್ಸ್ ತಾಣದಲ್ಲಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ತೆರೆಯುತ್ತದೆ, ಡಿಸೆಂಬರ್ ಶುರುವಿನಲ್ಲಿ ಮುಚ್ಚುತ್ತದೆ, ಮಾರ್ಚ್ ಮೊದಲ ವಾರದ ಸುಮಾರಿಗೆ ಫಲಿತಾಂಶ. ತಾರೀಕು ವರ್ಷ ವರ್ಷ ಒಂದೆರಡು ದಿನ ಆಚೀಚೆ ಆಗುತ್ತದೆ. ಲಾಗಿನ್‌ಗೆ ಬೇಕಾದ ಕೋಡನ್ನು ಈಗಿನ ಶಾಲೆಯ ಕೌನ್ಸೆಲರ್ ಕೊಡುತ್ತಾರೆ. ಸೆಪ್ಟೆಂಬರಿನಲ್ಲೇ ಕೇಳಿ ಇಟ್ಟುಕೊಳ್ಳಿ. ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ ಬರುತ್ತದೆ, ಕೌನ್ಸೆಲರ್ ಸಿಗುವುದಿಲ್ಲ.

ತಯಾರಿ ಮಾತ್ರ ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಶುರುವಾಗಬೇಕು. ನಮ್ಮಲ್ಲಿ ಅರ್ಧಕ್ಕರ್ಧ ಜನ ಜುಲೈ-ಆಗಸ್ಟಿನಲ್ಲಿ ಊರಿಗೆ ಹೋಗಿಬಿಡುತ್ತಾರೆ. ಹೋಗಿ ಬನ್ನಿ. ಅಲ್ಲೂ ಮಾಡುವ ಕೆಲಸ ಇದೆ, ಚಿತ್ರಕಲೆಯ ಹತ್ತಿರ ಹೇಳುತ್ತೇನೆ.

ಸ್ಟುಡಿಯೋ ಆರಿಸುವುದು

ಗಾಯನ, ವಾದ್ಯ, ನೃತ್ಯ, ನಾಟಕ, ಚಿತ್ರಕಲೆ, ರಂಗತಂತ್ರ. ಇವು ಮುಖ್ಯ ಸ್ಟುಡಿಯೋಗಳು. ಒಂದಕ್ಕಿಂತ ಹೆಚ್ಚಿಗೆ ಅರ್ಜಿ ಹಾಕಬಹುದು, ಆದರೆ ಒಂದೊಂದಕ್ಕೂ ಬೇರೆ ಬೇರೆ ಆಡಿಷನ್. ಎರಡು ಸಾಕು ಅಂತ ನನ್ನ ಲೆಕ್ಕ. ಮೂರಕ್ಕೆ ಕೈ ಹಾಕಿದ ಮಕ್ಕಳ ವಿಡಿಯೋ ಮೂರೂ ಅರೆಬರೆ ಆಗಿರುವುದನ್ನು ನೋಡಿದ್ದೇನೆ.

ಆರಿಸುವಾಗ ಸರ್ಟಿಫಿಕೇಟಿನ ಫೈಲು ತೆರೆಯಬೇಡಿ. ಯಾವುದರಲ್ಲಿ ಎಷ್ಟು ವರ್ಷ ಕಲಿತಿದೆ, ಯಾವ ಸಂಘದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಆಡಿಷನ್ ಅಂದ್ರೆ ರಂಗಪ್ರವೇಶ ಅಂದುಕೊಂಡು ಹೋಗುವುದೇ ನಮ್ಮವರ ದೊಡ್ಡ ತೊಂದರೆ. ರಂಗಪ್ರವೇಶದಲ್ಲಿ ಕಲಿತದ್ದನ್ನೆಲ್ಲ ತೋರಿಸುತ್ತೇವೆ. ಇಲ್ಲಿ ನೋಡುವವರು ಮೇಷ್ಟ್ರುಗಳು. ಈ ಮಗುವಿಗೆ ಮುಂದಿನ ನಾಲ್ಕು ವರ್ಷ ಹೇಳಿಕೊಡಬಹುದಾ, ಇದಕ್ಕೆ ಕಿವಿ ಇದೆಯಾ, ಕಣ್ಣು ಇದೆಯಾ, ಹೇಳಿದ್ದನ್ನು ಹಿಡಿದುಕೊಳ್ಳುತ್ತದಾ ಅಂತ ನೋಡುತ್ತಾರೆ. ಕೆಳಗೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಇನ್ನೊಂದು ಮಾತು. ಸ್ಟುಡಿಯೋ ಅಂದ್ರೆ ಹಣೆಬರಹ ಅಲ್ಲ. ನಟಿ ಆಕ್ವಾಫೀನಾ ಈ ಶಾಲೆಯಲ್ಲಿ ಕಲಿತದ್ದು ಟ್ರಂಪೆಟ್!

ಗಾಯನ

ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಇದು ಅಂದುಕೊಂಡಷ್ಟು ದೂರದ ದಾರಿಯಲ್ಲ. ಒಂದು ಹಾಡು ಪಕ್ಕವಾದ್ಯವಿಲ್ಲದೆ ಹಾಡಬೇಕು. ಇದರ ಜೊತೆ, ಕೇಳಿಸಿದ ಸ್ವರಗಳನ್ನು ಹಾಗೇ ತಿರುಗಿ ಹಾಡುವುದು, ಕೇಳಿಸಿದ ಲಯವನ್ನು ತಟ್ಟಿ ತೋರಿಸುವುದು ಬಹಳ ಕಾಲದಿಂದ ಈ ಶಾಲೆ ನೋಡುತ್ತಾ ಬಂದಿರುವ ಸಂಗತಿ. ಆ ವರ್ಷ ಅದು ಯಾವ ರೂಪದಲ್ಲಿದೆ ಅಂತ ಸೂಚನೆಯಲ್ಲಿ ಓದಿಕೊಳ್ಳಿ. ಸರಳೆ ವರಸೆ, ಜಂಟಿ ವರಸೆ ಮೂರು ಕಾಲದಲ್ಲಿ ಹಾಡಿ ಪಳಗಿದ ಮಗುವಿಗೆ ಇದು ಕಷ್ಟವೇ ಅಲ್ಲ.

ತೊಡಕು ಬೇರೆ ಕಡೆ ಇದೆ. ನಮ್ಮ ಮಕ್ಕಳಿಗೆ ಶ್ರುತಿ ಪೆಟ್ಟಿಗೆ ಆನ್ ಆಗದೆ ಬಾಯಿ ತೆರೆದು ಅಭ್ಯಾಸವಿಲ್ಲ. ಅದನ್ನು ಆಫ್ ಮಾಡಿ ಎರಡು ನಿಮಿಷ ಹಾಡಿಸಿ, ಕೊನೆಯಲ್ಲಿ ಆನ್ ಮಾಡಿ ನೋಡಿ. ಷಡ್ಜ ಜಾರಿರುತ್ತದೆ. ದಿನಾ ಹೀಗೆ ಮಾಡಿದರೆ ಒಂದೆರಡು ತಿಂಗಳಲ್ಲಿ ನಿಲ್ಲುತ್ತದೆ. ಇನ್ನೊಂದು, ಗಮಕ. ನೇರವಾಗಿ ಸ್ವರದ ಮೇಲೆ ನಿಲ್ಲಬೇಕಾದ ಕಡೆಯಲ್ಲೆಲ್ಲ ಗಂಟಲು ತಾನಾಗಿ ಅಲುಗುತ್ತದೆ. ಅದು ದೋಷವಲ್ಲ, ಆದರೆ ಮಗು ಬೇಕೆಂದಾಗ ನಿಲ್ಲಿಸಬಲ್ಲದು ಅಂತ ಗೊತ್ತಾಗಬೇಕು. ಶಾಲೆಯಲ್ಲಿ ಸೇರುವುದು ಕೋರಸ್‌ಗೆ. ಅಲ್ಲಿ ಹತ್ತಾರು ಗಂಟಲು ಒಂದೇ ಸ್ವರದ ಮೇಲೆ ಕೂರಬೇಕು.

ಹಾಡು ಯಾವುದು ಅನ್ನುವ ಚರ್ಚೆ ಪ್ರತಿ ಮನೆಯಲ್ಲೂ ಹೀಗೇ ನಡೆಯುತ್ತದೆ:

“ಅಮ್ಮಾ, ವರ್ಣ ಪೂರ್ತಿ ಹಾಡ್ಲಾ?”

“ಅಷ್ಟು ಹೊತ್ತು ಯಾರು ಕೇಳ್ತಾರೆ ಪುಟ್ಟಿ? ಅಬ್ಬಬ್ಬಾ ಅಂದ್ರೆ ಒಂದೆರಡು ನಿಮಿಷ.”

“ಮತ್ತೆ ಸ್ಕೂಲ್ ಕೋರಸ್‌ದು?”

“ಅದೇ ಹಾಡು. ಅದು ನಿಂಗೆ ಇಷ್ಟ ತಾನೇ?”

ಅಮ್ಮ ಹೇಳಿದ್ದೇ ಸರಿ. ಮಧ್ಯಮ ವೇಗದ, ಮಗುವಿನ ಶಾರೀರಕ್ಕೆ ಹೊಂದುವ, ವಯಸ್ಸಿಗೆ ತಕ್ಕ ಒಂದು ಸರಳ ಹಾಡು ಸಾಕು. ರೇಡಿಯೋದಲ್ಲಿ ಬರುವ ಪಾಪ್ ಹಾಡನ್ನು ಆ ಗಾಯಕಿಯ ದನಿಯಲ್ಲೇ ಅನುಕರಿಸುವುದಂತೂ ಬೇಡ.

ವಾದ್ಯ

ಶಾಲೆಯಲ್ಲಿರುವುದು ಪಾಶ್ಚಾತ್ಯ ಆರ್ಕೆಸ್ಟ್ರಾ ಮತ್ತು ಬ್ಯಾಂಡು. ವೀಣೆಗೆ, ಮೃದಂಗಕ್ಕೆ ಅಲ್ಲಿ ಜಾಗವಿಲ್ಲ. ಬೇಸರದ ಸಂಗತಿ, ಆದರೆ ಇರುವುದು ಹಾಗೆ. ಪಿಟೀಲು ಕಲಿತವರು ‘ನಮ್ಮ ಹತ್ತಿರ ವಯೊಲಿನ್ ಇದೆಯಲ್ಲ’ ಅಂತ ನಿರಾಳವಾಗಬೇಡಿ. ನಾವು ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲಿಟ್ಟು, ತಂತಿಗಳನ್ನು ಸ-ಪ-ಸ-ಪಕ್ಕೆ ಶ್ರುತಿ ಮಾಡಿ ನುಡಿಸುತ್ತೇವೆ. ಅವರು ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದಕ್ಕೆ ಒತ್ತಿಕೊಂಡು, ಜಿ-ಡಿ-ಎ-ಇಗೆ ಶ್ರುತಿ ಮಾಡುತ್ತಾರೆ. ಎಡಗೈ ಓಡಾಡುವ ರೀತಿಯೇ ಬೇರೆ. ಈಗಿನ ಮಿಡ್ಲ್ ಸ್ಕೂಲಿನ ಆರ್ಕೆಸ್ಟ್ರಾದಲ್ಲಿ ಒಂದೆರಡು ವರ್ಷ ನುಡಿಸಿದ್ದರೆ ಧೈರ್ಯವಾಗಿ ಹಾಕಿ. ಇಲ್ಲದಿದ್ದರೆ ಆ ಕಿವಿಯನ್ನು ಗಾಯನದ ಆಡಿಷನ್‌ಗೆ ಬಳಸಿ. ಮೃದಂಗದ ಮಕ್ಕಳು ಶಾಲೆಯ ಪರ್ಕಷನ್ ಮೇಷ್ಟ್ರ ಹತ್ತಿರ ಸ್ನೇರ್ ಡ್ರಮ್ ಹಿಡಿಯಲು ಕಲಿತರೆ ಬೇಗ ಕೈ ಕೂಡುತ್ತದೆ, ಲೆಕ್ಕ ಮೊದಲೇ ತಲೆಯಲ್ಲಿರುತ್ತದಲ್ಲ.

ನೃತ್ಯ

ಭರತನಾಟ್ಯದ ಅಮ್ಮಂದಿರು ಇಲ್ಲಿ ಸ್ವಲ್ಪ ನಿಧಾನ. ಲಗ್ವಾರ್ಡಿಯಾದ ನೃತ್ಯ ಅಂದ್ರೆ ಬ್ಯಾಲೆ ಮತ್ತು ಮಾಡರ್ನ್. ಆಡಿಷನ್‌ನಲ್ಲಿ ಅವೆರಡರ ಅಭ್ಯಾಸ ಇರುತ್ತದೆ, ಜೊತೆಗೆ ಒಂದು ಚಿಕ್ಕ ಸೋಲೊ.

ನಮ್ಮ ಮಕ್ಕಳಿಗೆ ಬಂಡವಾಳ ಇಲ್ಲ ಅಂತಲ್ಲ. ವರ್ಷಗಟ್ಟಲೆ ಅರಮಂಡಿ ಕೂತ ತೊಡೆಗಳಿಗೆ ಮೊಣಕಾಲು ಹೊರಕ್ಕೆ ತಿರುಗಿಸುವುದು ಗೊತ್ತು. ಲೆಕ್ಕ ತಪ್ಪುವುದಿಲ್ಲ. ತೋರಿಸಿಕೊಟ್ಟ ಅಡವನ್ನು ಎರಡನೇ ಸಲಕ್ಕೆ ಹಿಡಿದುಬಿಡುತ್ತವೆ. ಆದರೆ ನಮ್ಮ ನೃತ್ಯ ನೆಲಕ್ಕೆ ಒತ್ತಿಕೊಂಡದ್ದು, ಅಂಗಾಲು ತಟ್ಟಿ ಸದ್ದು ಬರಬೇಕು. ಬ್ಯಾಲೆಯಲ್ಲಿ ಹಾರಿ ಇಳಿದರೂ ಸದ್ದಾಗಬಾರದು, ಪಾದದ ತುದಿ ಚೂಪಾಗಿ ಚಾಚಿರಬೇಕು. ಭರತನಾಟ್ಯದ ಮಗುವಿನ ಪಾದ ಗಾಳಿಯಲ್ಲಿ ಮಡಚಿಕೊಂಡೇ ಇರುತ್ತದೆ. ಅದನ್ನು ಬಿಡಿಸಲು ಕನಿಷ್ಠ ಒಂದು ವರ್ಷ ವಾರಕ್ಕೊಂದು ಬ್ಯಾಲೆ ತರಗತಿ ಬೇಕು. ಬಡಾವಣೆಯ ಲೈಬ್ರರಿ, ವೈಎಂಸಿಎ, ಪಾರ್ಕ್ ಇಲಾಖೆಯ ಕೇಂದ್ರಗಳಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದಾ ವಿಚಾರಿಸಿ. ಮೊದಲೇ ದುಬಾರಿ ಸ್ಟುಡಿಯೋಗೆ ಓಡಬೇಡಿ.

ಸೋಲೊ ಮಾತ್ರ ಮಗುವಿನದೇ ಆಗಿರಲಿ. ಅಡವುಗಳಿಂದ ಕಟ್ಟಿದ ಒಂದು ನಿಮಿಷದ ತುಣುಕು ಚೆನ್ನಾಗಿಯೇ ಇರುತ್ತದೆ. ಪೂರ್ತಿ ಆಭರಣ, ಮೇಕಪ್ಪು, ಗೆಜ್ಜೆ ಬೇಡ. ಮೈಗೆ ಅಂಟಿದ ಕಪ್ಪು ಬಟ್ಟೆ ಹಾಕಿ. ಮೊಣಕಾಲು, ಸೊಂಟ, ಬೆನ್ನು ಕಾಣಬೇಕು. ಸೀರೆಯ ನೆರಿಗೆಯಡಿ ಅದೆಲ್ಲ ಮುಚ್ಚಿಹೋಗುತ್ತದೆ.

ಚಿತ್ರಕಲೆ

ನಮ್ಮ ಮಕ್ಕಳು ಹೆಚ್ಚು ಗೆಲ್ಲಬಹುದಾದದ್ದೂ ಇಲ್ಲೇ, ಹೆಚ್ಚು ಎಡವುವುದೂ ಇಲ್ಲೇ. ಪೋರ್ಟ್‌ಫೋಲಿಯೋ, ಅಂದರೆ ಮಗು ಬಿಡಿಸಿದ ಚಿತ್ರಗಳ ಕಂತೆ ಕೊಡಬೇಕು. ಎಷ್ಟು ಚಿತ್ರ, ಯಾವ ವಿಷಯದ್ದು ಕಡ್ಡಾಯ ಅನ್ನುವುದು ಆ ವರ್ಷದ ಪಟ್ಟಿಯಲ್ಲಿರುತ್ತದೆ. ಎಡವುವುದು ಎಲ್ಲಿ ಅಂದರೆ, ಫೋಟೋ ನೋಡಿ ಬಿಡಿಸಿದ ಸಿನಿಮಾ ನಟ, ಇಂಟರ್ನೆಟ್ ನೋಡಿ ಬಿಡಿಸಿದ ಆನಿಮೆ ಹುಡುಗಿ, ಟೀಚರ್ ಅರ್ಧ ತಿದ್ದಿದ ಗಣಪತಿ. ಎಷ್ಟೇ ನುಣುಪಾಗಿದ್ದರೂ ಇವು ಮಗು ಲೋಕವನ್ನು ಹೇಗೆ ನೋಡುತ್ತದೆ ಅಂತ ಹೇಳುವುದಿಲ್ಲ.

ಎದುರಿಗಿರುವುದನ್ನು ನೋಡಿ ಬಿಡಿಸಬೇಕು. ಅಡುಗೆಮನೆ ಕಟ್ಟೆ ಮೇಲೆ ಒಂದು ಸ್ಟೀಲ್ ಲೋಟ, ಅರ್ಧ ಹೆಚ್ಚಿದ ಬದನೆಕಾಯಿ, ಸುಕ್ಕಾದ ಬಟ್ಟೆ ಇಡಿ. ಪಕ್ಕದಿಂದ ಒಂದೇ ಟೇಬಲ್ ಲ್ಯಾಂಪ್ ಹಾಕಿ. ಲೋಟದ ಮೈಮೇಲೆ ಬದನೆಕಾಯಿ ಬಾಗಿ ಕಾಣುತ್ತದೆ, ಅದರ ಪಕ್ಕ ಕಿಟಕಿಯ ಒಂದು ಬಿಳಿ ಗೆರೆ. ಪೆನ್ಸಿಲ್ ಹಿಡಿದ ಮಗು ಮೊದಲ ದಿನ ಆ ಗೆರೆಯನ್ನು ನೋಡುವುದೇ ಇಲ್ಲ, ಲೋಟ ಅಂದ್ರೆ ಹೀಗಿರುತ್ತದೆ ಅಂತ ತಲೆಯಲ್ಲಿರುವ ಲೋಟವನ್ನು ಬಿಡಿಸುತ್ತದೆ. ವಾರ ಕಳೆದ ಮೇಲೆ ಗೆರೆ ಕಾಗದಕ್ಕೆ ಬರುತ್ತದೆ. ಮೇಷ್ಟ್ರುಗಳಿಗೆ ಬೇಕಿರುವುದು ಆ ಗೆರೆ.

ಊರಿಗೆ ಹೋದಾಗ ಸ್ಕೆಚ್‌ಬುಕ್ ಜೊತೆಯಲ್ಲಿರಲಿ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಕೈ, ಅಜ್ಜಿ ಮಧ್ಯಾಹ್ನ ಮಲಗಿದ ಭಂಗಿ, ಜಗಲಿಯ ಮೇಲಿನ ಚಪ್ಪಲಿಗಳು. ಕ್ವೀನ್ಸ್‌ನ ಯಾವ ಕ್ಲಾಸಿನಲ್ಲೂ ಸಿಗದ ವಿಷಯಗಳಿವು. ‘ಚೆನ್ನಾಗಿಲ್ಲ’ ಅಂತ ಹಾಳೆ ಹರಿಯಲು ಬಿಡಬೇಡಿ. ಎಲ್ಲ ಇಟ್ಟುಕೊಂಡು ಅಕ್ಟೋಬರಿನಲ್ಲಿ ಆರಿಸಿದರಾಯಿತು. ಚಿತ್ರದ ಫೋಟೋ ತೆಗೆಯುವಾಗ ಫ್ಲಾಶ್ ಬೇಡ. ಮೋಡದ ದಿನ, ಕಿಟಕಿ ಹತ್ತಿರ, ಹಾಳೆಯ ನೇರ ಮೇಲಿಂದ ತೆಗೆಯಿರಿ.

ನಾಟಕ, ರಂಗತಂತ್ರ

ನಾಟಕಕ್ಕೆ ಚಿಕ್ಕ ಮಾನೋಲಾಗ್‌ಗಳು, ಅಂದರೆ ಒಂದೇ ಪಾತ್ರದ ಮಾತುಗಳು. ಒಂದು ನಗೆಯದಾದರೆ ಇನ್ನೊಂದು ಗಂಭೀರದ್ದಿರಲಿ. ಅಚ್ಚಾದ ನಾಟಕದಿಂದ ಆರಿಸಿ, ಮಗುವಿನ ವಯಸ್ಸಿಗೆ ಹತ್ತಿರದ ಪಾತ್ರವನ್ನೇ ಹಿಡಿಯಿರಿ. ಹದಿಮೂರರ ಹುಡುಗ ಹೆಂಡತಿ ಬಿಟ್ಟುಹೋದ ಗಂಡನಾಗಿ ಅತ್ತರೆ ನೋಡುವವರಿಗೆ ನಗು ಬರುತ್ತದೆ. ನಮ್ಮ ಮಕ್ಕಳಿಗೆ ಭಾಷಣ ಸ್ಪರ್ಧೆಯ ಚಾಳಿ ಇರುತ್ತದೆ: ಎದೆ ಮುಂದೆ ಮಾಡಿ, ಕೈ ಬೀಸಿ, ಗೋಡೆಗೆ ಹೇಳಿದ ಹಾಗೆ ಹೇಳುವುದು. ಅದನ್ನು ಬಿಡಿಸಲು ಒಂದು ಉಪಾಯ. ಕ್ಯಾಮೆರಾ ಪಕ್ಕದಲ್ಲಿ ತಮ್ಮನನ್ನೋ ತಂಗಿಯನ್ನೋ ಕೂರಿಸಿ, ಅವರಿಗೇ ಹೇಳು ಅನ್ನಿ. ದನಿ ತಾನಾಗಿ ಇಳಿಯುತ್ತದೆ.

ರಂಗತಂತ್ರ ಅಂದ್ರೆ ಬೆಳಕು, ಸೆಟ್ಟು, ಸದ್ದು, ವಸ್ತ್ರ. ಲೆಗೋ, ವೈರು, ಹೊಲಿಗೆ ಅಂತ ಸದಾ ಏನಾದರೂ ಕಟ್ಟುವ ಮಕ್ಕಳಿಗೆ ಹೇಳಿಮಾಡಿಸಿದ ಜಾಗ. ನಮ್ಮವರಲ್ಲಿ ಇದರ ಕಡೆ ನೋಡುವವರೇ ಕಮ್ಮಿ. ನೋಡಿ.

ವಿಡಿಯೋ ಮಾಡುವುದು

ಕೆಲವು ವರ್ಷಗಳಿಂದ ಆಡಿಷನ್ ಅಂದರೆ ಮನೆಯಲ್ಲಿ ವಿಡಿಯೋ ಮಾಡಿ ಮೈಸ್ಕೂಲ್ಸ್‌ಗೆ ಏರಿಸುವುದು. ದುಬಾರಿ ಕ್ಯಾಮೆರಾ, ಎಡಿಟಿಂಗ್ ಯಾವುದೂ ಬೇಡ. ಫೋನ್ ಸಾಕು. ಇಪ್ಪತ್ತು ಪೌಂಡಿನ ಸೋನಾಮಸೂರಿ ಚೀಲಕ್ಕೆ ಆನಿಸಿ ಅಡ್ಡವಾಗಿ ನಿಲ್ಲಿಸಿದರೆ ಟ್ರೈಪಾಡಿಗಿಂತ ಗಟ್ಟಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಇರಬಾರದು. ನೃತ್ಯಕ್ಕೆ ತಲೆಯಿಂದ ಪಾದದವರೆಗೆ ಪೂರ್ತಿ ಕಾಣಬೇಕು. ಶುರುವಾದ ಮೇಲೆ ಮಧ್ಯೆ ಕಟ್ ಮಾಡಬೇಡಿ.

ಸದ್ದಿನ ಕಡೆ ಗಮನ ಕೊಡಿ. ನವೆಂಬರಿನಲ್ಲಿ ಹಳೆಯ ಕಟ್ಟಡಗಳ ರೇಡಿಯೇಟರ್ ಬುಸುಗುಟ್ಟುತ್ತದೆ, ಆಗಾಗ ಠಣ್ ಅನ್ನುತ್ತದೆ. ಅದು ಸುಮ್ಮನಿರುವ ಹೊತ್ತು ಯಾವುದು ಅಂತ ಗಮನಿಸಿ ಆಗ ರೆಕಾರ್ಡ್ ಮಾಡಿ. ಕುಕ್ಕರ್ ಇಟ್ಟು ವಿಡಿಯೋ ಮಾಡಬೇಡಿ, ಹಾಡಿನ ಮಧ್ಯದಲ್ಲೇ ಮೂರನೇ ವಿಷಲ್ ಬರುವುದು! ಮರದ ನೆಲದ ಮೇಲೆ ಅಡವು ಹಾಕುವುದಾದರೆ ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ.

ಒಂದೇ ದಿನ ಹದಿನೈದು ಸಲ ತೆಗೆಯುವುದು ಬೇಡ. ನಾಲ್ಕನೇ ಸಲದ ನಂತರ ಮಗುವಿನ ಮುಖದಲ್ಲಿ ಜೀವ ಇರುವುದಿಲ್ಲ. ಮತ್ತೆ ಅರ್ಜಿ ಮುಚ್ಚುವ ರಾತ್ರಿಯವರೆಗೆ ಕಾಯಬೇಡಿ. ದೊಡ್ಡ ಫೈಲುಗಳು, ಎಲ್ಲರೂ ಒಟ್ಟಿಗೆ ಏರಿಸುತ್ತಿರುತ್ತಾರೆ. ಒಂದು ವಾರ ಮೊದಲೇ ಮುಗಿಸಿ, ಏರಿಸಿದ ಮೇಲೆ ಒಮ್ಮೆ ತೆರೆದು ಓಡುತ್ತದಾ ನೋಡಿ.

ಮಾರ್ಕ್ಸ್

ಏಳನೇ ಕ್ಲಾಸಿನ ಗ್ರೇಡುಗಳನ್ನೂ ನೋಡುತ್ತಾರೆ. ಕಲೆಗೆ ಎಷ್ಟು ತೂಕ, ಓದಿಗೆ ಎಷ್ಟು ಅನ್ನುವ ಜಗಳ ಈ ಶಾಲೆಯಲ್ಲಿ ಹಳೆಯದು. 2019ರ ಮೇ ಕೊನೆಯಲ್ಲಿ, ಓದಿಗೇ ಜಾಸ್ತಿ ಒತ್ತು ಬೀಳುತ್ತಿದೆ ಅಂತ ವಿದ್ಯಾರ್ಥಿಗಳೇ ಶಾಲೆಯೊಳಗೆ ಧರಣಿ ಕೂತಿದ್ದರು. ನಮ್ಮ ಮಕ್ಕಳಿಗೆ ಗ್ರೇಡು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಾಗಂತ ತೊಂಬತ್ತೆಂಟು ಇದೆ, ಆಡಿಷನ್ ಹೇಗಿದ್ದರೂ ನಡೆಯುತ್ತದೆ ಅನ್ನುವ ಲೆಕ್ಕವೂ ಬೇಡ.

ಇದೊಂದನ್ನೇ ನಂಬಿ ಕೂರಬೇಡಿ

ಸ್ಪೆಷಲೈಸ್ಡ್ ಅಲ್ಲದ ಹೈಸ್ಕೂಲುಗಳ ಮಾಮೂಲಿ ಪಟ್ಟಿಯಲ್ಲೂ ಆಡಿಷನ್ ಕೇಳುವ ಶಾಲೆಗಳಿವೆ. ಕ್ವೀನ್ಸ್‌ನ ಅಸ್ಟೋರಿಯಾದಲ್ಲಿ ಫ್ರ್ಯಾಂಕ್ ಸಿನಾಟ್ರಾ ಸ್ಕೂಲ್ ಆಫ್ ದಿ ಆರ್ಟ್ಸ್ ಇದೆ. ಗಾಯಕ ಟೋನಿ ಬೆನೆಟ್ ಗೆಳೆಯನ ಹೆಸರಿನಲ್ಲಿ 2001ರಲ್ಲಿ ಶುರುಮಾಡಿದ್ದು, ಅದೂ ಸರ್ಕಾರಿ ಶಾಲೆಯೇ. ಚಿಕ್ಕದು, ಮೇಷ್ಟ್ರುಗಳಿಗೆ ಮಗುವಿನ ಹೆಸರು ಬೇಗ ಗೊತ್ತಾಗುತ್ತದೆ. ಜ್ಯಾಕ್ಸನ್ ಹೈಟ್ಸ್ ಕಡೆಯವರಿಗೆ ಹತ್ತಿರವೂ ಹೌದು. ನನ್ನನ್ನು ಕೇಳಿದರೆ ಕೆಲವು ಮಕ್ಕಳಿಗೆ ಲಗ್ವಾರ್ಡಿಯಾಕ್ಕಿಂತ ಇದೇ ವಾಸಿ. ಮ್ಯಾನ್‌ಹ್ಯಾಟನ್‌ನ ಪ್ರೊಫೆಷನಲ್ ಪರ್ಫಾರ್ಮಿಂಗ್ ಆರ್ಟ್ಸ್ ಸ್ಕೂಲ್, ಟ್ಯಾಲೆಂಟ್ ಅನ್‌ಲಿಮಿಟೆಡ್, ಬ್ರಾಂಕ್ಸ್‌ನ ಸೀಲಿಯಾ ಕ್ರೂಜ್ ಸಂಗೀತ ಶಾಲೆಗಳನ್ನೂ ನೋಡಿ. ಈ ಶಾಲೆಗಳ ಆಡಿಷನ್ ಭಾಗಗಳು ಬಹಳಷ್ಟು ಒಂದೇ ಥರ, ಒಮ್ಮೆ ತಯಾರಿ ಮಾಡಿದ್ದು ಹಲವು ಕಡೆ ಬಳಕೆಗೆ ಬರುತ್ತದೆ.

ಮಾರ್ಚ್‌ನಲ್ಲಿ

ಸೀಟು ಸಿಕ್ಕಿದೆ ಅನ್ನುವ ಲಗ್ವಾರ್ಡಿಯಾದ ಕರೆ ಬೇರೆ, ಮಾಮೂಲಿ ಪಟ್ಟಿಯ ಕರೆ ಬೇರೆ. ಎರಡೂ ಬರಬಹುದು. ಎರಡು ಸ್ಟುಡಿಯೋಗೆ ಹಾಕಿದ್ದರೆ ಎರಡರಿಂದಲೂ ಬರಬಹುದು. ಒಪ್ಪಿಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ವಾರದ ದಿನ ಬೆಳಗಿನ ಹೊತ್ತಿನಲ್ಲಿ ಮಗುವಿನ ಜೊತೆ ಮನೆಯಿಂದ 66ನೇ ಬೀದಿಯ ಸ್ಟೇಷನ್‌ವರೆಗೆ ಹೋಗಿ ಬನ್ನಿ. ಫ್ಲೋರಲ್ ಪಾರ್ಕಿನಿಂದ ಬಸ್ಸು, ಆಮೇಲೆ ಸಬ್‌ವೇ, ಅದರ ಮೇಲೆ ರಿಹರ್ಸಲ್ ಇದ್ದ ದಿನ ಮನೆ ಸೇರುವಾಗ ಕತ್ತಲೆ. ನಾಲ್ಕು ವರ್ಷ ಇದು ನಡೆಯಬೇಕು. ಓಡಾಡುವುದು ಮಗು, ಹಾಗಾಗಿ ಬೇಕೋ ಬೇಡವೋ ಅನ್ನುವ ಮಾತು ಅದರ ಬಾಯಿಂದಲೇ ಬರಲಿ.

ಕರೆ ಬರಲಿಲ್ಲ ಅಂದರೆ ಬೇರೆ ಶಾಲೆಗೆ ಸೇರಿ, ಒಂಬತ್ತನೇ ಕ್ಲಾಸಿನಲ್ಲಿರುವಾಗ ಇನ್ನೊಮ್ಮೆ ಹತ್ತನೇ ಕ್ಲಾಸಿನ ಸೀಟಿಗೆ ಅರ್ಜಿ ಹಾಕಬಹುದು. ಸೀಟು ಕಮ್ಮಿ ಇರುತ್ತದೆ, ಆಡಿಷನ್ ಅದೇ. ಹಳೆಯ ವಿಡಿಯೋ ಮತ್ತೆ ಕಳಿಸಬೇಡಿ, ಹೊಸದಾಗಿ ಮಾಡಿ.